ಉದ್ಯಾನವರ್ಣನೆ: ಕೋಶದ ಮರವೂ ಕಣ್ಣೆದುರಿನ ಮರವೂ

ಮಹಾಕಾವ್ಯದ ಲಕ್ಷಣವನ್ನು ಹೇಳುವಲ್ಲಿ ದಂಡಿಯು ಉದ್ಯಾನವನ್ನೂ ಜಲಕ್ರೀಡೆಯನ್ನೂ ಒಂದರ ಪಕ್ಕದಲ್ಲೊಂದಾಗಿ ಇರಿಸಿದ್ದಾನೆ. ನಮ್ಮ ಕನ್ನಡ ಕವಿಗಳೂ ಅಷ್ಟಾದಶ ವರ್ಣನೆಗಳಲ್ಲಿ ಇವೆರಡನ್ನು ಆದರದಿಂದ ಸೇರಿಸಿಕೊಂಡರು. ಕಾವ್ಯದ ಉಪವನವೆಂದರೆ ಅಲ್ಲಿ ಕೊಳವೋ ಹೊಳೆಯೋ ಇರಲೇಬೇಕು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಈ ಪಾಠವನ್ನು ಹೇಳುವವನಿಗೆ ಇದಕ್ಕಿಂತ ಅನುಕೂಲ ಬೇರೇನುಂಟು? ಆದರೂ ನಾನು ಬಹುಕಾಲ ಕೋಶವನ್ನು ನೋಡಿ ಪಾಠ ಹೇಳಿದವನೇ ಹೊರತು ಮರವನ್ನು ನೋಡಿ ಹೇಳಿದವನಲ್ಲ.

ಒಮ್ಮೆ ವಸಂತವರ್ಣನೆಯಲ್ಲಿ ಅಶೋಕದ ಪ್ರಸ್ತಾಪ ಬಂದಿತು. ತರುಣಿಯ ಪಾದಸ್ಪರ್ಶದಿಂದ ಅದು ಹೂವೇರುವುದೆಂಬ ಕವಿಸಮಯವನ್ನು ವಿವರಿಸಿದೆ, ತರಗತಿ ನಕ್ಕಿತು. ಹೂವು ಕೆಂಪೆಂದು ಹೇಳಿದೊಡನೆ ಹುಡುಗನೊಬ್ಬ ಎದ್ದು, "ಗುರುಗಳೇ, ದಾರಿಯ ಬದಿಯ ಅಶೋಕದಲ್ಲಿ ನಾನು ಕೆಂಪು ಹೂವನ್ನು ಕಂಡೇ ಇಲ್ಲವಲ್ಲ!" ಎಂದನು. ನಾನೂ ಕಂಡಿರಲಿಲ್ಲ. ಅಂದು ನಿರುತ್ತರನಾದೆ.

ವಿಚಾರಿಸಲಾಗಿ ತಿಳಿದುದಿಷ್ಟು. ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಂಚಿನ ಎಲೆಗಳನ್ನು ಇಳಿಬಿಟ್ಟಿರುವ ಆ ಮರ ಕಾವ್ಯದ ಅಶೋಕವಲ್ಲ. ಅದರ ಹೂವು ತಿಳಿಹಸಿರು; ಎಲೆಗಳ ನಡುವೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳದು. ನಿಜವಾದ ಅಶೋಕವೆಂದರೆ ಸೀತಾಶೋಕ. ಇದು ಸಹ್ಯಾದ್ರಿಯ ತಂಪು ತೊರೆಗಳ ನೆರಳಿನಲ್ಲಿ ಬೆಳೆಯುವ ಸಾಧಾರಣ ಎತ್ತರದ ಮರ. ತಾಮ್ರವರ್ಣದ ಎಳೆಯ ಚಿಗುರು ಜೋಲುತ್ತದೆ. ಕಿತ್ತಳೆ ಬಣ್ಣದಲ್ಲಿ ಅರಳಿದ ಗೊಂಚಲು ಬರಬರುತ್ತ ಕೆಂಪೇರುತ್ತದೆ. ತೊಗಟೆ ಅಶೋಕಾರಿಷ್ಟಕ್ಕೆ ಬೇಕಾದುದರಿಂದ ಕಾಡಿನ ಮರಗಳನ್ನು ಸುಲಿದು ಸುಲಿದು ಈಗ ಅದು ವಿರಳವಾಗಿದೆ. ಹೆಸರು ಮಾತ್ರ ಬೇರೊಂದು ಮರಕ್ಕೆ ಅಂಟಿಕೊಂಡು ಉಳಿಯಿತು.

ಋತುವಿಗೊಂದು ಹೂವೆಂಬ ಕವಿಗಳ ಕ್ರಮವನ್ನು ನೆಲದ ಮೇಲೆ ನಡೆಸಿ ತೋರಿಸಿದವರೂ ಉಂಟು. 1760ರಲ್ಲಿ ಹೈದರಾಲಿಯು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ 1908ರಲ್ಲಿ ಮೇಲ್ವಿಚಾರಕರಾಗಿ ಬಂದ ಜರ್ಮನಿಯ ಕೃಂಬಿಗಲ್ಲರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಯೋಜಿಸಿದರು. ಜಕರಂಡದ ನೀಲಿ ತೀರುವ ಹೊತ್ತಿಗೆ ಕತ್ತಿಕಾಯಿ ಮರದ ಕೆಂಪು ಹೊತ್ತಿಕೊಳ್ಳುವುದನ್ನು ಅಲ್ಲಿ ಇಂದಿಗೂ ಕಾಣಬಹುದು. ಮೊದಲನೆಯದು ದಕ್ಷಿಣ ಅಮೆರಿಕದ್ದು, ಎರಡನೆಯದು ಮಡಗಾಸ್ಕರಿನದು. ಪಂಪನಿಗೆ ಇವೆರಡೂ ಅಪರಿಚಿತ. ಚೆಲುವಿಗೆ ಕೊರತೆಯಿಲ್ಲ, ಒಪ್ಪಿದೆ. ಆದರೆ ಹಳಗನ್ನಡ ಓದುವ ಹುಡುಗನಿಗೆ ಅವುಗಳಿಂದ ಒಂದು ಪದ್ಯವೂ ಬಿಡಿಸದು.

ನಮ್ಮ ಸೀಮೆಯ ಮರಗಳಿಂದ ಬಿಡಿಸೀತು. ಫಾಲ್ಗುಣದಲ್ಲಿ ಎಲೆಯುದುರಿ ಬರಿದಾದ ಮುತ್ತುಗ ಕಿಡಿಗಳಂತೆ ಹೂವೇರುತ್ತದೆ, ಪಲಾಶವೆಂದರೆ ಅದೇ. ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಚಿಗುರಿನಿಂದ ಮಿನುಗುತ್ತದೆ. ಮಳೆಗಾಲಕ್ಕೆ ಕದಂಬದ ಚೆಂಡುಹೂವು, ನೀರಂಚಿಗೆ ಕೇದಗೆ. ಶರತ್ಕಾಲದಲ್ಲಿ ಪ್ರವಾಹವಿಳಿದ ಮರಳದಿಣ್ಣೆಯ ಮೇಲೆ ಬೆಳ್ಳಗೆ ತೂಗುವ ಕಾಶದ ಹುಲ್ಲನ್ನು ಒಮ್ಮೆ ತೋರಿಸಿದರೆ ಸಾಕು, ಟೀಕೆ ಬೇಡ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಏನು ಕೊಡಲೆಂದು ಕೇಳುವುದುಂಟು. ನನ್ನ ಬೇಡಿಕೆ ಸಣ್ಣದು: ಮುಂಗಾರು ಹಿಡಿಯುವ ಮೊದಲು ನಾಲ್ಕು ಸೀತಾಶೋಕದ ಸಸಿಗಳು. ಅವನ್ನು ಆಷಾಢದ ನೆರೆ ಮುಟ್ಟುವ ಕೆಳದಂಡೆಯಲ್ಲಿ ನೆಡಬಾರದು. ಬಯಲಿನ ಬಿಸಿಲೂ ಆಗದು. ಹೊಂಗೆಯ ನೆರಳಿರುವ ಕಡೆ ನೆಟ್ಟು, ಮೊದಲ ಎರಡು ಬೇಸಗೆ ಮಕ್ಕಳೇ ಕೊಡದಲ್ಲಿ ನೀರು ಹೊರಬೇಕು.