ಬೆತ್ಲೆಹೇಮ್ ನಮಗೆಷ್ಟು ದೂರ?



ಕ್ರಿಸ್ಮಸ್ ರಜೆ ಹತ್ತಿರವಾದಂತೆ “ಈ ಸಲ ಎಲ್ಲಿಗೆ ಹೋಗೋಣ?” ಎಂದು ಮಕ್ಕಳು ಕೇಳುತ್ತಾರೆ. ಹಬ್ಬಕ್ಕೆ ಹೆಸರಾದ ಊರುಗಳ ಚಿತ್ರಗಳು ಮೊಬೈಲಿಗೆ ಬರುತ್ತವೆ. ಅಲ್ಲಿಗೆಲ್ಲ ಹೋಗಿಬರುವ ಅನುಕೂಲ ನಮ್ಮಲ್ಲಿ ಬಹಳ ಮಂದಿಗಿಲ್ಲ. ಆದರೂ ಈ ಆಗಮನ ಕಾಲದಲ್ಲಿ ಅಂಥ ನಾಲ್ಕು ಕಡೆಗೆ ಮನಸ್ಸಿನಲ್ಲೇ ಹೋಗಿ, ಒಂದೊಂದು ಪಾಠವನ್ನು ಮನೆಗೆ ತರೋಣ.

1. ಬೆತ್ಲೆಹೇಮ್: ತಲೆ ಬಾಗುವುದು

ಯೇಸುಸ್ವಾಮಿ ಹುಟ್ಟಿದ ಸ್ಥಳದ ಮೇಲೆ ಕಟ್ಟಿರುವ ಮಹಾದೇವಾಲಯದ ಬಾಗಿಲು ಸುಮಾರು ನಾಲ್ಕು ಅಡಿ ಎತ್ತರ, ಅಷ್ಟೇ. ಅರಸನಾದರೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗಿನ ಗುಹೆಯಲ್ಲಿ, ಪೀಠದ ಕೆಳಗೆ, ಹದಿನಾಲ್ಕು ಮೊನೆಗಳ ಬೆಳ್ಳಿಯ ನಕ್ಷತ್ರವಿದೆ. ಅದನ್ನು ಮುಟ್ಟಲು ಮಂಡಿಯೂರಬೇಕು. 2023ರಲ್ಲಿ ಯುದ್ಧದ ಕಾರಣ ಅಲ್ಲಿ ಹಬ್ಬದ ಸಡಗರ ನಿಂತಿತು, ಪೂಜೆ ನಿಲ್ಲಲಿಲ್ಲ.

2. ಗ್ರೆಚ್ಚೊ: ಹೋಗಲಾರದವರಿಗಾಗಿ

ಇಟಲಿಯ ಈ ಬೆಟ್ಟದ ಊರಿನಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಮಾಡಿಸಿದರು. ಹುಲ್ಲು, ಎತ್ತು, ಕತ್ತೆ, ಸುತ್ತಲೂ ಪಂಜು ಹಿಡಿದ ಹಳ್ಳಿಗರು. ಗೋದಲಿಯ ಮೇಲೆಯೇ ಬಲಿಪೂಜೆ. ಆ ಹಳ್ಳಿಗರಲ್ಲಿ ಎಷ್ಟು ಮಂದಿ ಪವಿತ್ರ ನಾಡಿಗೆ ಹೋಗಿಬರಬಲ್ಲವರಾಗಿದ್ದರು? ಅವರಿದ್ದಲ್ಲಿಗೇ ಬೆತ್ಲೆಹೇಮ್ ಬಂದಿತು. ನಾವು ಮನೆಯಲ್ಲಿ ಗೋದಲಿ ಕಟ್ಟುವುದರ ಅರ್ಥವೂ ಇದೇ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸರು ಗೋದಲಿಯನ್ನು ಕುರಿತ ಪತ್ರಕ್ಕೆ ಸಹಿ ಹಾಕಿದ್ದು ಗ್ರೆಚ್ಚೊದಲ್ಲೇ.

3. ಓಬರ್ನ್‌ಡಾರ್ಫ್: ತಾಯ್ನುಡಿಯಲ್ಲಿ

‘ಸೈಲೆಂಟ್ ನೈಟ್’ ಗೀತೆಯನ್ನು ಮೊದಲು ಹಾಡಿದ್ದು 1818ರಲ್ಲಿ, ಆಸ್ಟ್ರಿಯಾದ ಈ ಸಣ್ಣ ಊರಿನಲ್ಲಿ. ಪದ ಗುರು ಜೋಸೆಫ್ ಮೋರ್ ಅವರದು, ರಾಗ ಶಾಲಾ ಶಿಕ್ಷಕ ಫ್ರಾನ್ಸ್ ಗ್ರೂಬರ್ ಅವರದು. ಪೂಜೆಯ ಭಾಷೆ ಆಗ ಲತೀನ್. ಗೀತೆ ಮಾತ್ರ ಜನರ ಜರ್ಮನ್ ನುಡಿಯಲ್ಲಿ. ಮನೆಮಾತಿನಲ್ಲಿ ಹುಟ್ಟಿದ ಹಾಡು ಲೋಕವೆಲ್ಲ ಹರಡಿತು.

4. ಫಿಲಿಪ್ಪೀನ್ಸ್: ದುಡಿಯುವವರ ಹೊತ್ತಿಗೆ

ಇಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಬೆಳಕು ಹರಿಯುವ ಮುಂಚೆ ಪೂಜೆ. ರೈತರು ಹೊಲಕ್ಕೆ ಹೋಗುವ ಮೊದಲೇ ಬಂದು ಹೋಗಲೆಂದು ಬೆಳೆದ ವಾಡಿಕೆಯಿದು. ಜನರ ದುಡಿಮೆಯ ಹೊತ್ತಿಗೆ ದೇವಾಲಯವೇ ಹೊಂದಿಕೊಂಡಿತು.

5. ಇನ್ನು ನಮ್ಮ ಊರು

ಸೇಲಂನ ಪ್ರಧಾನಾಲಯ ಬಾಲಯೇಸುವಿಗೇ ಅರ್ಪಿತವಾದದ್ದು. 1930ರಲ್ಲಿ ಸೇಲಂ ಧರ್ಮಕ್ಷೇತ್ರ ಸ್ಥಾಪನೆಯಾದಾಗ ಅದರ ಒಂದು ಭಾಗ ಬಂದದ್ದು ಮೈಸೂರು ಧರ್ಮಕ್ಷೇತ್ರದಿಂದ. 1997ರಲ್ಲಿ ಧರ್ಮಪುರಿ ಬೇರೆ ಧರ್ಮಕ್ಷೇತ್ರವಾಯಿತು. ಈ ಸೀಮೆಯಲ್ಲಿ ತಮಿಳು, ಕನ್ನಡ, ತೆಲುಗು ಒಂದೇ ಬೀದಿಯಲ್ಲಿ ಬಾಳುತ್ತವೆ. ಹೊಸೂರಿನ ಕಾರ್ಖಾನೆಗಳಿಗೆ ಉತ್ತರದ ರಾಜ್ಯಗಳಿಂದ ಬಂದವರೂ ಈಗ ಜೊತೆಗಿದ್ದಾರೆ.

ಹೀಗಿರುವಾಗ, ಸತ್ರದಲ್ಲಿ ಸ್ಥಳ ಸಿಗದ ಮರಿಯಮ್ಮ ಮತ್ತು ಜೋಸೆಫರು (ಲೂಕ 2:7) ಇಂದು ನಮ್ಮ ನಡುವೆ ಯಾರು? ತಮಿಳು ಪೂಜೆಯಲ್ಲಿ ಸುಮ್ಮನೆ ಕೂತು, ಪಾಪನಿವೇದನೆಯನ್ನು ತನ್ನ ನುಡಿಯಲ್ಲಿ ಮಾಡಲು ಕಾಯುವ ಕನ್ನಡದ ಅಜ್ಜಿ. ಯಾವ ಭಾಷೆಯೂ ತಿಳಿಯದೆ ಕೊನೆಯ ಬೆಂಚಿನಲ್ಲಿ ನಿಲ್ಲುವ ಹಿಂದಿಯ ಹುಡುಗ. ಹಾಸಿಗೆ ಹಿಡಿದು ದೇವಾಲಯಕ್ಕೆ ಬಾರಲಾಗದ ತಾತ. ನಮ್ಮ ನುಡಿಗೆ ಸ್ಥಳ ಬೇಕೆಂದು ಕೇಳುವ ನಾವು, ಇನ್ನೊಬ್ಬರ ನುಡಿಗೂ ಸ್ಥಳ ಕೊಡಬೇಕು.

ಕುರುಬರು ಹೋದದ್ದು ಪಕ್ಕದ ಊರಿಗೆ. ಜ್ಞಾನಿಗಳು ಬಂದದ್ದು ದೂರದ ನಾಡಿನಿಂದ. ಇಬ್ಬರೂ ಕಂಡದ್ದು ಒಂದೇ ಮಗುವನ್ನು. ಹತ್ತಿರದ ದಾರಿ ಹಿಡಿದವರಿಗೆ ದರ್ಶನ ಕಡಿಮೆಯಾಗಲಿಲ್ಲ.

ಮನೆಯಲ್ಲಿ ಕೂಡಿ ಚಿಂತಿಸಲು

• ಲೂಕ 2:1–20 ಓದಿರಿ. ಯಾರು ಎಲ್ಲಿಂದ ಎಲ್ಲಿಗೆ ಹೋದರು? ಯಾರು ಇಷ್ಟಪಟ್ಟು ಹೋದರು, ಯಾರು ಬಲವಂತಕ್ಕೆ ಹೋದರು?
• ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ದಿನ ಒಂಟಿಯಾಗಿರುವವರು ಯಾರು?
• ಈ ವರ್ಷ ಗೋದಲಿ ಕಟ್ಟಿದ ಮೇಲೆ, ಅಂಥ ಒಬ್ಬರ ಮನೆಗೆ ಎಲ್ಲರೂ ಕೂಡಿ ಹೋಗಿಬನ್ನಿ. ಅವರ ನುಡಿಯಲ್ಲೇ ಒಂದು ಕ್ರಿಸ್ಮಸ್ ಗೀತೆ ಕಲಿತು ಹಾಡಿರಿ.

ಬಾಲಯೇಸು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.