ಮನೆಯಲ್ಲೇ ಹಾಯಿದೋಣಿ: ಬಡಗಿಯಲ್ಲದವನಿಗೆ ಒಂದು ಪಾಠ

ಮಳೆಗಾಲ ಕಳೆದ ಮೇಲೆ ಭಾನುವಾರ ಸಂಜೆ ಮುಂಬಯಿಯ ಅಪೋಲೊ ಬಂದರಿನ ಕಟ್ಟೆಯ ಮೇಲೆ ಕುಳಿತವರಿಗೆ ದೂರದಲ್ಲಿ ಹಾಯಿದೋಣಿಗಳು ಕಾಣಸಿಗುವುದುಂಟು. ನೋಡಿ ಸಂತೋಷಪಡುತ್ತೇವೆ, ಒಡನೆಯೇ “ಅದು ದೊಡ್ಡವರ ಆಟ, ನಮ್ಮಂಥವರಿಗಲ್ಲ” ಎಂದುಕೊಂಡು ಎದ್ದು ಲೋಕಲ್ ಗಾಡಿ ಹಿಡಿಯುತ್ತೇವೆ. ಈ ಮಾತು ಎಷ್ಟು ನಿಜ? ಒಂದು ದೋಣಿಯ ಕಥೆಯಿಂದಲೇ ಇದನ್ನು ಪರೀಕ್ಷಿಸೋಣ.

ಇಂಗ್ಲೆಂಡಿನಲ್ಲಿಯೂ ಹಾಯಿದೋಣಿ ಬಹುಕಾಲ ಹಣವಂತರ ವಿನೋದವೇ ಆಗಿತ್ತು. ಹಳೆಯ ಪದ್ಧತಿಯಂತೆ ದೋಣಿಗೆ ಮೊದಲು ಬೆನ್ನೆಲುಬಿನಂಥ ಅಡಿಮರ, ಅದಕ್ಕೆ ಪಕ್ಕೆಲುಬುಗಳಂತೆ ಬಾಗಿದ ಮರಗಳು, ಅವುಗಳ ಮೇಲೆ ಒಂದೊಂದಾಗಿ ಹಲಗೆ. ಇದಕ್ಕೆ ನುರಿತ ಬಡಗಿಯ ಕೈ ಬೇಕು. ಅವನಿಗೆ ಕೊಡಲು ಕೂಲಿಯೂ ಬೇಕು. ಕಾರ್ಮಿಕರು ಬಹುವಾಗಿ ಓದುತ್ತಿದ್ದ ‘ಡೈಲಿ ಮಿರರ್’ ಪತ್ರಿಕೆ ಇದಕ್ಕೊಂದು ದಾರಿ ಹುಡುಕಿತು. ದೋಣಿಗಳ ನಕ್ಷೆ ತಯಾರಿಸುವ ಜ್ಯಾಕ್ ಹೋಲ್ಟ್, ಟೆಲಿವಿಷನ್ನಿನಲ್ಲಿ ಜನರಿಗೆ ಮನೆಯ ಮರಗೆಲಸ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಇಬ್ಬರೂ ಸೇರಿ ರೂಪಿಸಿದ ‘ಮಿರರ್’ ದೋಣಿ 1963ರ ಜನವರಿಯಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ಉದ್ದ 10 ಅಡಿ 10 ಅಂಗುಲ, ಒಡಲಿನ ತೂಕ ಸುಮಾರು 45 ಕಿಲೋ, ಹಾಯಿ ಕೆಂಪು. ಕತ್ತರಿಸಿಟ್ಟ ಬಿಡಿಭಾಗಗಳ ಬೆಲೆ 63 ಪೌಂಡ್ 11 ಶಿಲಿಂಗ್, ಅಂದಿನ ವಿನಿಮಯದಲ್ಲಿ ಸುಮಾರು 850 ರೂಪಾಯಿ. ಇಂದಿನವರೆಗೆ 70,000ಕ್ಕೂ ಹೆಚ್ಚು ಮಿರರ್ ದೋಣಿಗಳಾಗಿವೆ. ಅವುಗಳಲ್ಲಿ ಎಷ್ಟೋ ದೋಣಿಗಳನ್ನು ಕಟ್ಟಿದವರು ಬಡಗಿಗಳಲ್ಲ.

ಇದರ ಗುಟ್ಟು ಏನು? ಒಂದು ಹಾಳೆಯನ್ನು ಅಂಚಿನಲ್ಲಿ ಹಿಡಿಯಿರಿ, ಜೋತು ಬೀಳುತ್ತದೆ. ಅದನ್ನೇ ಸ್ವಲ್ಪ ದೋಣೆಯಂತೆ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ತೆಳುವಾದ ಪ್ಲೈವುಡ್ಡಿನ ಗುಣವೂ ಇದೇ. ಸರಿಯಾದ ಅಳತೆಗೆ ಕತ್ತರಿಸಿದ ತುಂಡುಗಳ ಅಂಚುಗಳನ್ನು ಕೂಡಿಸಿದರೆ ಹಲಗೆ ತಾನಾಗಿ ಬಾಗಿ ಗಟ್ಟಿಯಾಗುತ್ತದೆ. ಪಕ್ಕೆಲುಬುಗಳ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.

ಕೆಲಸದ ಕ್ರಮ ಹೀಗೆ.

ಮೊದಲನೆಯದು, ಕತ್ತರಿಸುವುದು. ತಳಕ್ಕೆ ಎರಡು, ಪಕ್ಕಗಳಿಗೆ ಎರಡು, ಮುಂದಕ್ಕೆ ಒಂದು, ಹಿಂದಕ್ಕೆ ಒಂದು ತುಂಡು. ಎಡಬಲದ ಜೋಡಿಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿದರೆ ಎರಡೂ ಸಮನಾಗುತ್ತವೆ.

ಎರಡನೆಯದು, ಹೊಲಿಯುವುದು. ಅಂಚಿನಿಂದ ಅರ್ಧ ಅಂಗುಲದೊಳಗೆ, ಕೆಲವು ಅಂಗುಲಗಳಿಗೊಂದರಂತೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ ಇಕ್ಕಳದಿಂದ ತಿರುಚಬೇಕು. ತಳದ ಎರಡು ತುಂಡುಗಳನ್ನು ಮೊದಲು ಒಂದಂಚಿನಲ್ಲಿ ಹೊಲಿದು ಪುಸ್ತಕದಂತೆ ತೆರೆಯುವುದು. ಆಮೇಲೆ ಉಳಿದ ತುಂಡುಗಳನ್ನು ಸೇರಿಸುವುದು.

ಮೂರನೆಯದು, ನೋಡುವುದು. ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಮುಂದಲೆಯ ನಡುವಿನಿಂದ ಹಿಂದಿನ ಎರಡು ಮೂಲೆಗಳಿಗೂ ದಾರ ಹಿಡಿದು ಅಳೆಯಿರಿ, ಎರಡೂ ಸಮವಿರಬೇಕು. ಹಿಂದೆ ನಿಂತು ಕಣ್ಣಳತೆಯಿಂದ ಮುಂದಿನ ಅಂಚು, ಹಿಂದಿನ ಅಂಚು ಸಮಾನಾಂತರವಾಗಿವೆಯೇ ನೋಡಿರಿ. ಸೊಟ್ಟವಿದ್ದರೆ ಈಗಲೇ ತಂತಿ ಸಡಿಲಿಸಿ ತಿದ್ದಬಹುದು. ಅಂಟು ಒಣಗಿದ ಮೇಲೆ ಸೊಟ್ಟ ಶಾಶ್ವತ.

ನಾಲ್ಕನೆಯದು, ಬೆಸೆಯುವುದು. ಒಳಗಿನ ಸಂದುಗಳ ಮೇಲೆ ಗಾಜಿನ ನೂಲಿನ ಪಟ್ಟಿ ಹಾಸಿ ರೆಸಿನ್ ಅಂಟು ಕುಡಿಸಬೇಕು. ಗಟ್ಟಿಯಾದ ಮೇಲೆ ಹೊರಗೆ ಚಾಚಿದ ತಂತಿಗಳನ್ನು ಕತ್ತರಿಸಿ, ಅಂಚು ಉಜ್ಜಿ, ಹೊರಗೂ ಪಟ್ಟಿ ಹಾಕಬೇಕು. ಒಡಲೊಳಗೆ ನೀರು ಹೋಗದ ಮುಚ್ಚಿದ ಗಾಳಿಗೂಡುಗಳಿರಲೇಬೇಕು. ದೋಣಿ ಮಗುಚಿದರೂ ಮುಳುಗದಂತೆ ಕಾಯುವುವು ಅವೇ. ಹಾಯಿಕಂಬ, ಚುಕ್ಕಾಣಿ, ಪಕ್ಕಕ್ಕೆ ಜಾರದಂತೆ ತಡೆಯಲು ನೀರಿಗಿಳಿಸುವ ನಡುಹಲಗೆ, ಬಣ್ಣ ಇವೆಲ್ಲ ಅನಂತರ.

ಹೊಲಿದ ದೋಣಿ ನಮಗೆ ಹೊಸದೇನಲ್ಲ. ನಮ್ಮ ಪಡುವಣ ಕರಾವಳಿಯಲ್ಲಿ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಅಜಂತೆಯ ಚಿತ್ರವೊಂದನ್ನು ಆಧರಿಸಿ ಅದೇ ಕ್ರಮದಲ್ಲಿ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ನೌಕಾಪಡೆಗೆ ಸೇರಿತು. ವ್ಯತ್ಯಾಸ ಇಷ್ಟೇ: ಅಲ್ಲಿ ಹೊಲಿಗೆಯೇ ಕೊನೆಯವರೆಗೂ ಹಿಡಿದಿಡುತ್ತದೆ, ಮಿರರಿನಲ್ಲಿ ಅಂಟು ಗಟ್ಟಿಯಾಗುವವರೆಗೆ ಮಾತ್ರ.

ಕೆಲವು ಎಚ್ಚರಿಕೆಗಳು. ಪ್ಲೈವುಡ್ಡಿನ ಮೇಲೆ ಐ.ಎಸ್. 710 ಎಂಬ ಮುದ್ರೆ ಇರಲಿ. ಅದು ನೀರು ತಡೆಯುವ ಜಾತಿ. ಸಂಶಯವಿದ್ದರೆ ಒಂದು ಚೂರನ್ನು ಕೆಲವು ಗಂಟೆ ಕುದಿಸಿ ನೋಡಿರಿ. ಪದರ ಬಿಟ್ಟರೆ ಅದು ದೋಣಿಗೆ ತಕ್ಕುದಲ್ಲ. ರೆಸಿನ್ನಿನ ಕೆಲಸವನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಎಂದಿಗೂ ಮಾಡಬೇಡಿ. ಅದರ ಹೊಗೆ ಕೆಟ್ಟದ್ದು, ಕೈಗೆ ಕೈಚೀಲವೂ ಬೇಕು. ಈಜು ಕಲಿಯದೆ, ತೇಲುಕವಚ ತೊಡದೆ, ಬಲ್ಲವರ ಜೊತೆಯಿಲ್ಲದೆ ನೀರಿಗಿಳಿಯಬೇಡಿ. ಕೆಲಸ ಆರಂಭಿಸುವ ಮೊದಲು ಬಾಗಿಲನ್ನು ಅಳೆಯಿರಿ. ಒಳಗೆ ಕಟ್ಟಿದ್ದು ಹೊರಗೆ ಬರಬೇಕಲ್ಲ!

“ನಮ್ಮ ಖೋಲಿ ಇರುವುದೇ ಹತ್ತಡಿ, ದೋಣಿ ಹನ್ನೊಂದಡಿ” ಎನ್ನುವಿರಾ? ನಿಜ. ಊರಿನ ಅಂಗಳವೋ ಸ್ನೇಹಿತರ ಹಿತ್ತಿಲೋ ದೊರೆಯುವವರೆಗೆ ರಟ್ಟಿನಲ್ಲಿ ಕಲಿಯಬಹುದು. ಅಡಿಗೆ ಒಂದಂಗುಲದ ಲೆಕ್ಕದಲ್ಲಿ ಹಳೆಯ ಫೈಲಿನ ರಟ್ಟು ಕತ್ತರಿಸಿ, ಸೂಜಿ ದಾರದಿಂದ ಹೊಲಿಯಿರಿ. ರಟ್ಟು ಒಪ್ಪಿಕೊಳ್ಳುವ ಬಾಗನ್ನು ಪ್ಲೈವುಡ್ಡೂ ಬಹುಮಟ್ಟಿಗೆ ಒಪ್ಪುತ್ತದೆ. ರಟ್ಟು ಸುಕ್ಕಾದ ಕಡೆ ಹಲಗೆ ಸೀಳುತ್ತದೆ. ಎರಡು ಮೂರು ಭಾನುವಾರಗಳಲ್ಲಿ ಕೈಗೆ ಅಳತೆಯ ಅರಿವು ಬರುತ್ತದೆ. ರಟ್ಟಿನಲ್ಲಿ ತಪ್ಪಿದರೆ ಹೋಗುವುದು ಒಂದು ಹಳೆಯ ಫೈಲು. ಹಲಗೆಯಲ್ಲಿ ತಪ್ಪಿದರೆ ತಿಂಗಳ ಸಂಬಳ.