ಹಸು, ಕರು, ಹಾಲು: ಅರಿಯಬೇಕಾದ ಪದಗಳು, ಕೇಳಬೇಕಾದ ಪ್ರಶ್ನೆಗಳು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಹಾಲು ಬರುವುದು ಕೊಟ್ಟಿಗೆಯಿಂದಲ್ಲ, ಪ್ಲಾಸ್ಟಿಕ್ ಚೀಲದಿಂದ. ದನಕರುಗಳ ಒಡನಾಟ ತಪ್ಪಿದಂತೆಲ್ಲ ಅವುಗಳಿಗೆ ಸಂಬಂಧಿಸಿದ ಪದಗಳೂ ಮನೆಮಾತಿನಿಂದ ಮರೆಯಾಗುತ್ತಿವೆ. ಪದಗಳೊಡನೆ ಹಾಲಿನ ಬಗೆಗಿನ ತಿಳಿವಳಿಕೆಯೂ ಮಸುಕಾಗುತ್ತದೆ. ಹಾಲು ಎಲ್ಲ ವಯಸ್ಸಿನವರಿಗೂ ಸಮಾನವಾಗಿ ಒಪ್ಪುವ ಪೂರ್ಣಾಹಾರವೆಂಬ ನಂಬಿಕೆಯಿಂದ ಹಸುಗೂಸುಗಳಿಗೆ ಹಾನಿಯಾಗುವ ಸಂಭವವುಂಟು. ಆದ್ದರಿಂದ ಮೊದಲು ಪದಗಳನ್ನೂ ಅನಂತರ ಸಾಮಾನ್ಯ ಪ್ರಶ್ನೆಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಪದಗಳ ಪರಿಚಯ

'ದನ' ಎಂಬುದು ಗಂಡು ಹೆಣ್ಣುಗಳೆರಡಕ್ಕೂ ಸಲ್ಲುವ ಪದ. ಹೆಣ್ಣನ್ನು 'ಹಸು' ಅಥವಾ 'ಆಕಳು' ಎನ್ನುವರು. ಉತ್ತರ ಕರ್ನಾಟಕದಲ್ಲಿ 'ಆಕಳು' ಎಂಬುದೇ ಹೆಚ್ಚು ಬಳಕೆಯಲ್ಲಿದೆ. ಪ್ರಾಯಕ್ಕೆ ಬಂದರೂ ಇನ್ನೂ ಈಯದ ಹೆಣ್ಣು 'ಕಡಸು'. ಕೆಲವೆಡೆ ಇದನ್ನೇ 'ಮಣಕ' ಎನ್ನುವುದುಂಟು. ತಳಿವೃದ್ಧಿಗೆ ಉಳಿಸಿಕೊಂಡ ಗಂಡು 'ಗೂಳಿ' ಅಥವಾ 'ಹೋರಿ'. ಬೀಜ ಒಡೆಸಿ ನೇಗಿಲಿಗೂ ಬಂಡಿಗೂ ಹೂಡುವಂಥದು 'ಎತ್ತು'. ಎಮ್ಮೆಯ ಗಂಡು 'ಕೋಣ'. ಗರ್ಭ ಧರಿಸಿದುದು 'ಗಬ್ಬದ ಹಸು', ಗರ್ಭ ನಿಲ್ಲದಿರುವುದು 'ಗೊಡ್ಡು ಹಸು'. ಕರು ಹಾಕುವುದಕ್ಕೆ 'ಈಯುವುದು' ಎಂದು ಹೆಸರು.

ಹಸು ಈದ ಮೊದಲ ಕೆಲವು ದಿನಗಳ ಗಟ್ಟಿಯಾದ ಹಳದಿ ಹಾಲೇ 'ಗಿಣ್ಣು'. ಇದರಿಂದ ಮಾಡುವ ಸಿಹಿಯನ್ನು ಪುಣೆಯವರು 'ಖರವಸ' ಎಂದೂ ಹೈದರಾಬಾದಿನವರು 'ಜುನ್ನು' ಎಂದೂ ಕರೆಯುವುದನ್ನು ಓದುಗರು ಕೇಳಿರಬಹುದು. ಕರುವಿಗೆ ರೋಗನಿರೋಧಕ ಶಕ್ತಿ ದೊರೆಯುವುದು ಈ ಗಿಣ್ಣಿನಿಂದಲೇ. ಆದುದರಿಂದ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರುವಿಗೆ ಇದನ್ನು ಕುಡಿಸತಕ್ಕದ್ದು. ಮನುಷ್ಯರಲ್ಲಿಯೂ ಬಾಣಂತಿಯ ಮೊದಲ ಹಳದಿ ಹಾಲು ಇದೇ ಬಗೆಯಲ್ಲಿ ಶಿಶುವನ್ನು ರೋಗಗಳಿಂದ ಕಾಪಾಡುತ್ತದೆ. ಅದನ್ನು ಹಿಂಡಿ ಚೆಲ್ಲುವ ರೂಢಿ ತಪ್ಪು.

ಸಾಮಾನ್ಯ ಪ್ರಶ್ನೆಗಳು

1. ಹಸುಗೂಸಿಗೆ ಹಸುವಿನ ಹಾಲು ಕೊಡಬಹುದೇ?

ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲಷ್ಟೇ ಸಾಕು. ನೀರು ಕೂಡ ಬೇಕಿಲ್ಲ. ಹಸುವಿನ ಹಾಲು ಕರುವಿನ ವೇಗದ ಬೆಳವಣಿಗೆಗೆ ತಕ್ಕುದಾಗಿದ್ದು, ಅದರಲ್ಲಿ ತಾಯಿಯ ಹಾಲಿಗಿಂತ ಸುಮಾರು ಮೂರು ಪಟ್ಟು ಪ್ರೋಟೀನು ಇರುತ್ತದೆ. ಶಿಶುವಿನ ಮೂತ್ರಪಿಂಡಗಳಿಗೆ ಇದು ಹೊರೆ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶವೂ ಅತ್ಯಲ್ಪ. ಅದನ್ನೇ ನೆಚ್ಚಿ ಬೆಳೆಸಿದ ಮಗು ದುಂಡಗೆ ಕಂಡರೂ ರಕ್ತಹೀನತೆಗೆ ತುತ್ತಾಗಬಹುದು. ನೀರು ಬೆರೆಸಿ ತೆಳುವಾಗಿಸಿದರೆ ದೋಷ ನೀಗುವುದಿಲ್ಲ, ಪೋಷಣೆ ಮಾತ್ರ ತಗ್ಗುತ್ತದೆ. ಆರು ತಿಂಗಳಾದ ಮೇಲೆ ಎದೆಹಾಲಿನೊಡನೆ ಮೆದುವಾದ ಮನೆಯ ಆಹಾರವನ್ನು ಆರಂಭಿಸಬೇಕು. ವರ್ಷ ತುಂಬುವ ಮುನ್ನ ಹಸುವಿನ ಹಾಲನ್ನು ತಾಯಿಯ ಹಾಲಿಗೆ ಬದಲಿಯಾಗಿ ಬಳಸಬಾರದು. ಎದೆಹಾಲು ಸಾಲದೆಂದು ತೋರಿದಲ್ಲಿ ವೈದ್ಯರನ್ನು ಕಾಣತಕ್ಕದ್ದು.

2. ಕರೆದ ಕೂಡಲೆ ಹಸಿ ಹಾಲು ಕುಡಿದರೆ ಹೆಚ್ಚು ಶಕ್ತಿ ಬರುವುದೆ?

ಇಲ್ಲ. ಹಸಿ ಹಾಲಿನಿಂದ ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳು ಮನುಷ್ಯರಿಗೆ ತಗಲಬಹುದು. ನೋಡಲು ಆರೋಗ್ಯವಾಗಿರುವ ಹಸುವಿನಲ್ಲಿಯೂ ರೋಗಾಣುಗಳು ಇರಬಹುದು. ಸಾಮಾನ್ಯವಾಗಿ ಚೀಲದ ಹಾಲನ್ನು ಪಾಶ್ಚರೀಕರಿಸಿರುತ್ತಾರೆ. ಅಂದರೆ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ಒಡನೆಯೇ ತಣಿಸಿರುತ್ತಾರೆ. ಬಿಡಿಯಾಗಿ ಕೊಂಡ ಹಾಲನ್ನಾದರೋ ತಪ್ಪದೆ ಕುದಿಸಬೇಕು.

3. ಚೀಲದ ಮೇಲಿನ 'ಟೋನ್ಡ್' ಎಂಬ ಪದದ ಅರ್ಥವೇನು?

ಹಾಲಿನ ಕೊಬ್ಬನ್ನು ತಗ್ಗಿಸಿ, ಕೊಬ್ಬಲ್ಲದ ಘನಾಂಶಗಳನ್ನು ಗೊತ್ತಾದ ಪ್ರಮಾಣಕ್ಕೆ ತಂದುದು ಟೋನ್ಡ್ ಹಾಲು. ಇದರಲ್ಲಿ ಕನಿಷ್ಠ ಶೇಕಡಾ 3ರಷ್ಟು, ಡಬಲ್ ಟೋನ್ಡ್ ಹಾಲಿನಲ್ಲಿ 1.5ರಷ್ಟು, ಕೆನೆಭರಿತ ಹಾಲಿನಲ್ಲಿ 6ರಷ್ಟು ಕೊಬ್ಬು ಇರಬೇಕು. ಟೋನ್ಡ್ ಹಾಲು ಹಸುವಿನದೇ ಆಗಿರಬೇಕೆಂದಿಲ್ಲ. ಎಮ್ಮೆಯದೂ ಎರಡರ ಮಿಶ್ರಣವೂ ಆಗಿರಬಹುದು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಈ ವಿಧಾನವನ್ನು ರೂಪಿಸಿದ ಕೀರ್ತಿ ಮುಂಬಯಿಯ ದಾರಾ ಖುರೋಡಿಯವರಿಗೆ ಸಲ್ಲುತ್ತದೆ. 1963ರಲ್ಲಿ ಅವರಿಗೆ ತ್ರಿಭುವನದಾಸ್ ಪಟೇಲ್ ಹಾಗೂ ವರ್ಗೀಸ್ ಕುರಿಯನ್ ಅವರೊಡನೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

4. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದೇಕೆ?

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಅನೇಕರಲ್ಲಿ ಬಾಲ್ಯ ಕಳೆದಂತೆ ಕುಗ್ಗುತ್ತದೆ. ಇಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಹಾಲಿನ ಪ್ರೋಟೀನಿನ ಅಲರ್ಜಿಯೇ ಬೇರೆ. ಮೈಮೇಲೆ ಗಂಧೆ ಏಳುವುದು, ಉಸಿರು ಕಟ್ಟುವುದು ಅದರ ಲಕ್ಷಣಗಳು. ಅಂಥವರಿಗೆ ಮೊಸರೂ ಸಲ್ಲದು; ಎಮ್ಮೆ, ಮೇಕೆಗಳ ಹಾಲೂ ಸುರಕ್ಷಿತವಲ್ಲ. ಈ ಲಕ್ಷಣಗಳು ಕಂಡೊಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

5. 'ಎ2' ಹಾಲಿಗೆ ಹೆಚ್ಚು ಬೆಲೆ ತೆರಬೇಕೆ?

ಎ1, ಎ2 ಎಂಬುವು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ರೂಪಗಳು. ನಮ್ಮ ದೇಶೀ ತಳಿಗಳ ಹಾಲಿನಲ್ಲಿ ಎ2 ರೂಪವೇ ಹೆಚ್ಚು. ಎ1 ಹಾಲಿನಿಂದ ರೋಗಗಳು ಬರುತ್ತವೆಂಬ ವಾದಕ್ಕೆ ಆಧಾರ ಸಾಲದೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2009ರಲ್ಲಿ ತಿಳಿಸಿತು. ಎ2 ಹಾಲಿನಲ್ಲೂ ಲ್ಯಾಕ್ಟೋಸ್ ಇದ್ದೇ ಇರುತ್ತದೆ.

ಒಟ್ಟಿನಲ್ಲಿ, ಹಾಲು ಸುಣ್ಣದ ಅಂಶವೂ ಪ್ರೋಟೀನೂ ತುಂಬಿದ ಉತ್ತಮ ಆಹಾರ. ಆದರೆ ಸೊಪ್ಪು, ಬೇಳೆ, ಕಾಳುಗಳ ಸ್ಥಾನವನ್ನು ಅದು ತುಂಬಲಾರದು. ತಾಯಿಯ ಎದೆಹಾಲಿನ ಸ್ಥಾನವನ್ನಂತೂ ತುಂಬಲಾರದು. ಗಿಣ್ಣು ಕರುವಿಗೆ ಸಲ್ಲುವಂತೆ ತಾಯಿಯ ಮೊದಲ ಹಾಲು ಕೂಸಿಗೆ ಸಲ್ಲಬೇಕು. ಇಷ್ಟನ್ನು ಪ್ರತಿಯೊಂದು ಮನೆಯವರೂ ನೆನಪಿನಲ್ಲಿಡುವುದು ಅಗತ್ಯ.